ಅಟೆಂಡರ್ ಇಡೋದಾ, ಸಣ್ಣ ಕೇರ್ ಹೋಮಾ, ದೊಡ್ಡ ಕೇರ್ ಸೆಂಟರಾ? ಬೆಂಗಳೂರಲ್ಲಿ ಅತ್ತೆಗೆ ಜಾಗ ಹುಡುಕಿದ ಲೆಕ್ಕಾಚಾರ

2023ರ ದೀಪಾವಳಿಗೆ ಇನ್ನೊಂದು ವಾರ ಇದೆ ಅನ್ನೋವಾಗ ನಮ್ಮತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರು. ಆಗ 80 ಅವ್ರಿಗೆ. ಆಪರೇಷನ್ ಏನೋ ಚೆನ್ನಾಗೇ ಆಯ್ತು, ವಾಕರ್ ಹಿಡ್ಕೊಂಡು ನಡೆಯೋಕೂ ಶುರು ಮಾಡಿದ್ರು, ಆದ್ರೆ ಮೊದ್ಲು ಅಷ್ಟಷ್ಟು ಇದ್ದ ಮರೆವು ಆಸ್ಪತ್ರೆಯಿಂದ ಬಂದ್ಮೇಲೆ ದಿಢೀರ್ ಅಂತ ಏರೋಯ್ತು, ಸಂಜೆ ಐದಾದ್ರೆ ಸಾಕು ಬ್ಯಾಗಿಗೆ ಎರಡು ಸೀರೆ ತುಂಬ್ಕೊಂಡು "ಮನೆಗೆ ಹೋಗ್ಬೇಕು, ಅಪ್ಪ ಕಾಯ್ತಿರ್ತಾರೆ" ಅಂತ ಗೇಟ್ ಹತ್ರ ನಿಂತ್ಬಿಡೋರು. ನಾನು, ನಮ್ಮನೆಯವ್ರು ಇಬ್ರೂ ಕೆಲ್ಸಕ್ಕೆ ಹೋಗೋರು, ಮಗ ಆಗ ಪಿಯುಸಿ. ಕತ್ರಿಗುಪ್ಪೆಯ ಎರಡು ರೂಮಿನ ಮನೆ.

ಆವಾಗಿಂದ ನಾವು ನೋಡಿದ್ದು, ನಮ್ಮ ಸುತ್ತಮುತ್ತ ಮೂರ್ನಾಲ್ಕು ಮನೆಯೋರು ಅನುಭವಿಸಿದ್ದು, ಎಲ್ಲಾ ಸೇರ್ಸಿ ಬರೀತಿದೀನಿ, ಯಾಕಂದ್ರೆ ಆಫೀಸಲ್ಲಿ ತಿಂಗಳಿಗೊಬ್ರಾದ್ರೂ "ನಿಮ್ಮತ್ತೆನ ಎಲ್ಲಿಟ್ಟಿದೀರಾ, ಎಷ್ಟಾಗತ್ತೆ" ಅಂತ ಕ್ಯಾಂಟೀನಲ್ಲಿ ಮೆಲ್ಲಗೆ ಕೇಳ್ತಾರೆ. ಮೆಲ್ಲಗೆ ಯಾಕೆ ಅಂದ್ರೆ ಇನ್ನೂ ನಮ್ಮಲ್ಲಿ ಇದು ನಾಚಿಕೆ ವಿಷ್ಯ.

ಮನೇಲೇ ಅಟೆಂಡರ್

ಎಲ್ರೂ ಇಲ್ಲಿಂದಾನೇ ಶುರು ಮಾಡೋದು, ನಾವೂ ಅಷ್ಟೇ. ಏಜೆನ್ಸಿ ಮೂಲಕ ಮನೇಲೇ ಇರೋ 24 ಗಂಟೆ ಆಯಾ, ತಿಂಗಳಿಗೆ 32 ಸಾವಿರ ಕೊಟ್ವಿ, ಊಟ ತಿಂಡಿ ನಮ್ದು. ನಾಲ್ಕೂವರೆ ತಿಂಗಳಲ್ಲಿ ಐದು ಜನ ಬಂದು ಹೋದ್ರು. ಒಬ್ಳು ಸಂಕ್ರಾಂತಿಗೆ ಊರಿಗೆ ಹೋದೋಳು ಬರ್ಲೇ ಇಲ್ಲ, ಒಬ್ಳು ರಾತ್ರಿಯೆಲ್ಲಾ ಫೋನು, ಅತ್ತೆ ಎದ್ದು ಗೇಟಿಗೆ ಹೋದ್ರೂ ಗೊತ್ತಿಲ್ಲ. ಇನ್ನೊಬ್ಳು ನಿಜವಾಗ್ಲೂ ಚಿನ್ನದಂಥ ಹುಡುಗಿ, ರಾಯಚೂರು ಕಡೆಯೋಳು, ಅತ್ತೆ ಜೊತೆ ಕೂತ್ಕೊಂಡು ಹೂ ಕಟ್ಟೋಳು, ಅವ್ಳನ್ನ ಏಜೆನ್ಸಿಯೋರೇ ಜಾಸ್ತಿ ದುಡ್ಡು ಕೊಡೋ ಬೇರೆ ಮನೆಗೆ ಕಳಿಸ್ಬಿಟ್ರು.

ಒಂದು ಲೆಕ್ಕ ಯಾರೂ ಹೇಳಲ್ಲ. 24 ಗಂಟೆ ಅಂದ್ರೆ ಆ ಹೆಣ್ಣುಮಗಳೂ ಮನುಷ್ಯಳೇ ತಾನೇ, ರಾತ್ರಿ ನಾಲ್ಕು ಸಲ ಏಳೋ ಪೇಶೆಂಟ್ ಇದ್ರೆ ಅವ್ಳು ಯಾವಾಗ ಮಲಗ್ತಾಳೆ? ಹಗಲೊಬ್ಬರು ರಾತ್ರಿಯೊಬ್ಬರು ಅಂತ ಎರಡು ಶಿಫ್ಟ್ ಹಾಕಿದ್ರೆ ಖರ್ಚು ಹತ್ತಿರತ್ರ ಡಬಲ್. ಮನೆ ದೊಡ್ಡದಿದ್ದು, ಯಾರಾದ್ರೂ ಒಬ್ರು ಯಾವಾಗ್ಲೂ ಮನೇಲಿದ್ದು, ಪೇಶೆಂಟ್ ರಾತ್ರಿ ಮಲಗೋರಾದ್ರೆ ಇದಕ್ಕಿಂತ ಒಳ್ಳೇದು ಬೇರೆ ಇಲ್ಲ ಅಂತ ಈಗ್ಲೂ ಹೇಳ್ತೀನಿ, ತನ್ನ ಮಂಚ, ತನ್ನ ದೇವರ ಮನೆ, ತನ್ನ ಲೋಟ. ಆದ್ರೆ ದೊಡ್ಡ ಮನೆ, ಯಾವಾಗ್ಲೂ ಮನೇಲಿರೋ ಒಬ್ರು, ರಾತ್ರಿ ಮಲಗೋ ಪೇಶೆಂಟ್, ನಮ್ಮನೇಲಿ ಈ ಮೂರರಲ್ಲಿ ಒಂದೂ ಇರ್ಲಿಲ್ಲ.

ಟ್ರಸ್ಟ್ ನಡ್ಸೋ ವೃದ್ಧಾಶ್ರಮ

ಇದನ್ನ ಬೇಗ ಮುಗಿಸ್ತೀನಿ, ಯಾಕಂದ್ರೆ ನಮಗೆ ಆಗ್ಲಿಲ್ಲ. ಎದುರುಮನೆಯೋರ ಚಿಕ್ಕಪ್ಪ, ಮದುವೆ ಆಗ್ದೇ ಇದ್ದೋರು, ಪೆನ್ಶನ್ ಇತ್ತು, ಕೆಂಗೇರಿ ಆಚೆ ಒಂದು ಕಡೆ ಏಳು ವರ್ಷ ಆರಾಮಾಗಿದ್ರು. ಬೆಳಗ್ಗೆ ಭಜನೆ, ಮಧ್ಯಾಹ್ನ ಅನ್ನ ಸಾರು ಮಜ್ಜಿಗೆ, ಸಂಜೆ ವಾಕಿಂಗು, ಜೊತೆಗೆ ಇಸ್ಪೀಟ್ ಆಡೋಕೆ ಮೂರು ಜನ. ಆದ್ರೆ ಸೇರೋವಾಗ್ಲೇ ಕಂಡೀಷನ್ ಇರತ್ತೆ, ತಮ್ಮ ಕೆಲ್ಸ ತಾವು ಮಾಡ್ಕೊಳ್ಳೋರಾಗಿರ್ಬೇಕು ಅಂತ. ಸ್ಟ್ರೋಕ್ ಆಗಿ ಎಡಗೈ ಬಿದ್ದೋದ್ಮೇಲೆ ಹದಿನೈದು ದಿನ ಟೈಮ್ ಕೊಟ್ಟು ಕರ್ಕೊಂಡು ಹೋಗಿ ಅಂದ್ರು. ಅವ್ರದ್ದೂ ತಪ್ಪಿಲ್ಲ, ಡೈಪರ್ ಬದಲಾಯಿಸೋ ಜನ ಅಲ್ಲಿಲ್ಲ. ಫ್ರೀ ಇರೋ ಕಡೆ ಬಹುತೇಕ ಯಾರೂ ಇಲ್ಲದೋರ್ಗೆ ಜಾಗ, ಅದನ್ನ ನಮ್ಮಂಥೋರು ಕೇಳೋದೇ ತಪ್ಪು. ಗಟ್ಟಿಯಾಗಿ ಓಡಾಡ್ಕೊಂಡಿರೋರಿಗೆ, ಒಂಟಿಯಾಗಿರೋರಿಗೆ ಇದು ಚೆನ್ನಾಗಿದೆ, ಬರೀ ಮುಂದೇನು ಅನ್ನೋದು ಮೊದ್ಲೇ ಕೇಳ್ಕೊಂಡಿರಿ.

ದೊಡ್ಡ ಸೆಂಟರ್

ಲಿಫ್ಟು, ರಿಸೆಪ್ಷನ್ನು, ನರ್ಸಿಂಗ್ ಸ್ಟೇಷನ್ನು, ಫಿಸಿಯೋ ರೂಮು. ನಾವು ಎರಡು ನೋಡಿದ್ವಿ, ಶೇರಿಂಗ್ ರೂಮಿಗೇ 65 ಸಾವಿರದಿಂದ ಶುರು ಅಂದ್ರು, ಅದ್ರ ಮೇಲೆ ಡೈಪರ್ ಬೇರೆ, ಫಿಸಿಯೋ ಬೇರೆ, ಜಿಎಸ್‌ಟಿ ಬೇರೆ. ಎಲ್ಲಾ ಸೇರಿ ಎಷ್ಟು ಅಂತ ಬರ್ಕೊಡಿ ಅಂದ್ರೆ ಆಗ ನಂಬರ್ ಬೇರೇನೇ ಬರತ್ತೆ, ಅದನ್ನ ಕೇಳ್ದೆ ಎದ್ದು ಬರ್ಬೇಡಿ.

ದುಡ್ಡಿನ ಮಾತು ಬಿಟ್ರೆ ಇಲ್ಲಿ ಒಂದು ವಿಷ್ಯ ನಿಜವಾಗ್ಲೂ ಚೆನ್ನಾಗಿದೆ, ಅದು ಔಷಧಿ. ನನ್ನ ಕಲೀಗ್ ಒಬ್ರ ಮಾವನೋರಿಗೆ ಪಾರ್ಕಿನ್‌ಸನ್. ಮೊದ್ಲು ಒಂದು ಸಣ್ಣ ಹೋಮಲ್ಲಿ ಇಟ್ಟಿದ್ರು, ಅಲ್ಲಿ ಪ್ರೀತಿಗೇನೂ ಕಮ್ಮಿ ಇರ್ಲಿಲ್ವಂತೆ, ಆದ್ರೆ ಎಲ್ರಿಗೂ ಊಟದ ಜೊತೆ ಮಾತ್ರೆ ಅನ್ನೋದು ಅಲ್ಲಿನ ರೂಢಿ. ಪಾರ್ಕಿನ್‌ಸನ್ ಮಾತ್ರೆ ಹಾಗಲ್ಲ, ಡಾಕ್ಟ್ರು ಎಂಟು ಗಂಟೆ ಅಂದ್ರೆ ಎಂಟೇ ಗಂಟೆ, ಹನ್ನೆರಡು ಅಂದ್ರೆ ಹನ್ನೆರಡೇ. ತಡ ಆದ್ರೆ ಮೈಯೆಲ್ಲಾ ಸೆಟ್ಕೊಂಡ್ಬಿಡತ್ತೆ, ಬೇಳೆ ಮೊಸರು ಜಾಸ್ತಿ ಇರೋ ಊಟದ ಜೊತೆ ಕೊಟ್ರೆ ಕೆಲವ್ರಿಗೆ ಸರಿಯಾಗಿ ಕೆಲ್ಸಾನೇ ಮಾಡಲ್ಲ. ಹಟ ಮಾಡ್ತಾರೆ, ಏಳಲ್ಲ ಅಂತ ಹೋಮಿನೋರು ಕಂಪ್ಲೇಂಟ್ ಮಾಡೋರು, ಅದು ಹಟ ಅಲ್ಲ, ಮಾತ್ರೆ ತಡ ಆಗಿದ್ದು. ದೊಡ್ಡ ಸೆಂಟರಿಗೆ ಶಿಫ್ಟ್ ಮಾಡಿದ್ಮೇಲೆ ನರ್ಸ್ ಚಾರ್ಟ್ ಇಟ್ಕೊಂಡು ಟೈಮಿಗೆ ಕೊಟ್ರು, ಎರಡು ವಾರದಲ್ಲಿ ತಾವೇ ಎದ್ದು ಕುರ್ಚಿಗೆ ಬರೋ ಹಾಗಾದ್ರಂತೆ. ಇನ್ಸುಲಿನ್, ಮೂಗಿನ ಪೈಪು, ಯೂರಿನ್ ಪೈಪು, ಆಕ್ಸಿಜನ್, ಇವೆಲ್ಲಾ ಇದ್ರೂ ಅಷ್ಟೇ, ನರ್ಸ್ ಇರೋ ಜಾಗಾನೇ ಬೇಕು, ಅಲ್ಲಿ ಪ್ರೀತಿ ಎರಡನೇದು.

ಇನ್ನೊಂದು ಕಡೆ ನಮ್ಮನೆಯವ್ರ ಕಸಿನ್ ಅಮೆರಿಕಾದಲ್ಲಿರೋದು, ಅವ್ರಮ್ಮ ವೈಟ್‌ಫೀಲ್ಡ್ ಕಡೆ ಇಂಥದ್ದೇ ಸೆಂಟರಲ್ಲಿದಾರೆ. ದಿನಾ ಆ್ಯಪಲ್ಲಿ ಫೋಟೋ ಬರತ್ತೆ, ಬಿಪಿ ಶುಗರ್ ಎಲ್ಲಾ ಬರತ್ತೆ. ನಾವು ನೋಡೋಕೆ ಹೋದಾಗ ಆ ದೊಡ್ಡಮ್ಮ ಹೇಳಿದ್ದು ಒಂದೇ ಮಾತು, "ಇಲ್ಲಿ ಯಾವ ಹುಡುಗೀನೂ ಮೂರು ತಿಂಗಳ ಮೇಲೆ ಇರಲ್ಲಮ್ಮ, ಹೆಸರು ಕಲಿಯೋದ್ರೊಳಗೆ ಹೋಗಿರ್ತಾಳೆ." ಆ್ಯಪಲ್ಲಿ ಅದು ಬರಲ್ಲ.

ಮರೆವಿನ ಕಾಯಿಲೆಗೆ ಅಂತಾನೇ ಇರೋ ಜಾಗಗಳೂ ಇವೆ, ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನವ್ರದ್ದು ಬಹಳ ಜನಕ್ಕೆ ಗೊತ್ತಿರತ್ತೆ. ಹಾಗೇ ಯಾವ ಹೋಮಿಗೆ ಸೇರ್ಸೋ ಮುಂಚೆನೂ ಒಂದ್ಸಲ ನಿಮ್ಹಾನ್ಸ್‌ಗೋ ಬೇರೆ ಒಳ್ಳೇ ನ್ಯೂರಾಲಜಿಸ್ಟ್ ಹತ್ರಾನೋ ತೋರ್ಸಿ ಇದು ಯಾವ ಥರದ ಮರೆವು ಅಂತ ಬರ್ಸ್ಕೊಂಡು ಇಟ್ಕೊಳಿ, ಆ ಪೇಪರ್ ಇದ್ರೆ ಹೋಮಿನೋರೂ ಸುಮ್‌ಸುಮ್ನೆ ನಿದ್ದೆ ಮಾತ್ರೆಗೆ ಕೈ ಹಾಕಲ್ಲ.

ಸಣ್ಣ ಹೋಮ್

ಇನ್ನು ನಿಜವಾದ ಕಥೆ. ಸಣ್ಣ ಹೋಮ್ ಅಂದ್ರೆ ಬೋರ್ಡ್ ಕೂಡ ಸರಿಯಾಗಿ ಕಾಣಲ್ಲ, ಯಾವ್ದೋ ಲೇಔಟಿನ ಕ್ರಾಸಲ್ಲಿ ಒಂದು ಡ್ಯೂಪ್ಲೆಕ್ಸ್ ಮನೆ, ಎಂಟು ಹತ್ತು ಹನ್ನೆರಡು ಜನ ವಯಸ್ಸಾದೋರು, ಹಾಲಲ್ಲಿ ಟಿವಿ, ಅಡುಗೆಮನೆಯಿಂದ ಒಗ್ಗರಣೆ ವಾಸನೆ. ನಾವು ಕೇಳಿದ ಕಡೆಯೆಲ್ಲಾ 28ರಿಂದ 42 ಸಾವಿರದ ಒಳಗೆ ಹೇಳಿದ್ರು. ಈ ಬೆಂಗಳೂರಲ್ಲಿ ಮಿಡಲ್ ಕ್ಲಾಸಿನೋರು ಕೊನೆಗೆ ಬಂದು ನಿಲ್ಲೋದು ಇಲ್ಲೇ.

2024ರ ಏಪ್ರಿಲಲ್ಲಿ ಒಂದು ಕಡೆ ಸೇರ್ಸಿದ್ವಿ, ಹೆಸರು ಬೇಡ. ಬೆಳಗ್ಗೆ ಹನ್ನೊಂದಕ್ಕೆ ಹೋಗಿ ನೋಡಿದ್ವಿ, ಎಲ್ಲಾ ಸ್ನಾನ ಮಾಡಿ ಪೌಡರ್ ಹಾಕ್ಕೊಂಡು ಸಾಲಾಗಿ ಕೂತಿದ್ರು, ನಮಗೆ ಖುಷಿ ಆಗೋಯ್ತು, ಅಲ್ಲೇ ಅಡ್ವಾನ್ಸ್ ಕೊಟ್ಬಿಟ್ವಿ. ಆ ಬೇಸಿಗೆ ನೆನಪಿದೆಯಲ್ಲ, ಊರಿಗೆ ಊರೇ ಬೋರ್‌ವೆಲ್ ಬತ್ತಿ ಟ್ಯಾಂಕರ್ ಹಿಂದೆ ಓಡ್ತಿತ್ತು. ಆ ಹೋಮಲ್ಲೂ ನೀರಿಲ್ಲ, ಸ್ನಾನ ಮೂರು ದಿನಕ್ಕೊಂದ್ಸಲ ಆಯ್ತು, ಡೈಪರ್ ಕೂಡ ಉಳಿಸ್ತಿದ್ರು ಅಂತ ಆಮೇಲೆ ಗೊತ್ತಾಯ್ತು. ಇಪ್ಪತ್ತಮೂರನೇ ದಿನ ನಮ್ಮನೆಯವ್ರು ಹೇಳ್ದೆ ಕೇಳ್ದೆ ರಾತ್ರಿ ಎಂಟೂವರೆಗೆ ಹೋದ್ರೆ ಹನ್ನೆರಡು ಜನಕ್ಕೆ ಒಬ್ಬ ಹುಡುಗ, ಅತ್ತೆ ಏಳೂವರೆಯಿಂದ ಮಲಗಿದಾರೆ, ಎಬ್ಬಿಸಿದ್ರೂ ಏಳ್ತಿಲ್ಲ, ಏನೋ ಮಾತ್ರೆ ಕೊಟ್ಟಿದಾರೆ, ಸೊಂಟದ ಹಿಂದೆ ರೂಪಾಯಿ ಅಗಲ ಚರ್ಮ ಕಿತ್ತೋಗಿದೆ. ಮಾರನೇ ದಿನಾನೇ ಕರ್ಕೊಂಡು ಬಂದ್ವಿ. ಅಡ್ವಾನ್ಸ್ ವಾಪಸ್ ಬರ್ಲಿಲ್ಲ. ತಪ್ಪು ನಮ್ದೂ ಇದೆ, ಹನ್ನೊಂದು ಗಂಟೆಗೆ ಎಲ್ಲಾ ಹೋಮೂ ಚೆನ್ನಾಗೇ ಇರತ್ತೆ.

ಈಗಿರೋದು ದೊಡ್ಡಕಲ್ಲಸಂದ್ರ ಮೆಟ್ರೋ ಸ್ಟೇಷನ್ನಿಂದ ಆಟೋದಲ್ಲಿ ಹತ್ತು ನಿಮಿಷ. ಒಂಬತ್ತು ಜನ ಇದಾರೆ. ನಡ್ಸೋರು ಹಾಸನ ಕಡೆಯ ಒಬ್ಬ ಅಕ್ಕ, ಮೊದ್ಲು ಆಸ್ಪತ್ರೇಲಿ ನರ್ಸ್ ಆಗಿದ್ದೋರು, ಮೇಲ್ಗಡೆ ಮಹಡೀಲೇ ಅವ್ರ ಮನೆ. ಇದೊಂದೇ ವಿಷ್ಯ, ಓನರ್ ಅದೇ ಬಿಲ್ಡಿಂಗಲ್ಲಿ ಮಲಗ್ತಾರಾ ಇಲ್ವಾ, ಅದ್ರ ಮೇಲೆ ಅರ್ಧ ತೀರ್ಮಾನ ಮಾಡ್ಬೋದು ಅಂತ ನನ್ನ ಅನಿಸಿಕೆ. ಕಳೆದ ವರ್ಷ ಅತ್ತೆ ಎರಡೇ ದಿನದಲ್ಲಿ ಪೂರ್ತಿ ಗೊಂದಲ ಆಗಿ, ನಮ್ಮನೆಯವ್ರನ್ನೂ ಗುರುತು ಹಿಡೀದೆ, ಗೋಡೆ ಮೇಲೆ ಇರುವೆ ಹತ್ತಿದೆ ಅಂತ ಕಿರುಚೋಕೆ ಶುರು ಮಾಡಿದ್ರು. ಮರೆವು ಮುಂದಿನ ಸ್ಟೇಜಿಗೆ ಹೋಯ್ತು ಅಂತ ನಾವು ಅಳ್ತಾ ಕೂತ್ವಿ, ಆ ಅಕ್ಕ "ಇದು ಮರೆವಲ್ಲ, ಇಷ್ಟು ಬೇಗ ಮರೆವು ಏರಲ್ಲ, ಯೂರಿನ್ ಟೆಸ್ಟ್ ಮಾಡ್ಸಿ" ಅಂದ್ರು. ಇನ್ಫೆಕ್ಷನ್ ಆಗಿತ್ತು. ಆ್ಯಂಟಿಬಯಾಟಿಕ್ ಕೊಟ್ಟು ವಾರದಲ್ಲಿ ಮೊದಲಿನ ಹಾಗಾದ್ರು, ಅಂದ್ರೆ ಮೊದಲಿನ ಮರೆವಿಗೆ ವಾಪಸ್ ಬಂದ್ರು, ನಮಗೆ ಅದೇ ಹಬ್ಬ.

ಆದ್ರೆ ಸಣ್ಣ ಹೋಮಿನ ಬಲ ಎಲ್ಲಿದೆಯೋ ವೀಕ್‌ನೆಸ್ಸೂ ಅಲ್ಲೇ ಇದೆ. ಎಲ್ಲಾ ಒಬ್ರ ಮೇಲೆ ನಿಂತಿರತ್ತೆ. ಹೋದ ಮೇ ತಿಂಗಳು ಆ ಅಕ್ಕ ತಮ್ಮ ಮಗಳ ಬಾಣಂತನಕ್ಕೆ ಊರಿಗೆ ಹೋಗಿ ಹನ್ನೆರಡು ದಿನ ಇರ್ಲಿಲ್ಲ, ಆ ಹನ್ನೆರಡು ದಿನ ಅದು ಬೇರೇನೇ ಮನೆ. ತಿಂಡಿ ಹತ್ತೂವರೆಗೆ, ಫೋನ್ ಎತ್ತಲ್ಲ, ಅತ್ತೆ ಹಲ್ಲುಸೆಟ್ಟು ಇನ್ನೊಬ್ಬಜ್ಜಿ ಬಾಯಲ್ಲಿ. ನಗು ಬಂತು, ಹೊಟ್ಟೆ ಉರೀತು ಕೂಡ. ಅದಕ್ಕೇ ಈಗ ಯಾರಾದ್ರೂ ಕೇಳಿದ್ರೆ, ನೀವಿಲ್ಲದಾಗ ಯಾರು ನೋಡ್ಕೊಳ್ತಾರೆ ಅಂತ ಓನರ್‌ನ ಕೇಳಿ, ಆ ಮನುಷ್ಯನ್ನ ಕರ್ಸಿ ಮಾತಾಡ್ಸಿ ಅಂತೀನಿ.

ಭಾಷೆ ವಿಷ್ಯ ಯಾರೂ ಲೆಕ್ಕಕ್ಕೇ ತಗೊಳಲ್ಲ. ಈಗ ಬೆಂಗಳೂರಲ್ಲಿ ಕೇರ್‌ಟೇಕರ್‌ಗಳು ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯಿಂದ ಬಂದಿರೋ ಮಕ್ಕಳೇ ಬಹಳ, ಕೆಲ್ಸದಲ್ಲಿ ಚುರುಕು, ಸಿಡುಕಲ್ಲ. ಆದ್ರೆ ಮರೆವಿನೋರು ಎಷ್ಟೋ ಜನ ಬೇರೆ ಭಾಷೆಯೆಲ್ಲಾ ಮರ್ತು ತಾಯಿಭಾಷೆಗೇ ಹೋಗ್ತಾರೆ, ನಮ್ಮತ್ತೆ ಮೊದ್ಲು ಚೆನ್ನಾಗಿ ಹಿಂದಿ ಮಾತಾಡೋರು, ಈಗ ಒಂದಕ್ಷರ ಬರಲ್ಲ. ಶುರುವಲ್ಲಿ ಅವ್ರು "ಒಂದಕ್ಕೆ, ಒಂದಕ್ಕೆ" ಅಂತಿದ್ರೆ ಆ ಒಡಿಶಾ ಹುಡುಗಿ, ಪಾಪ ಒಂದು ಎರಡು ಕಲ್ತಿದ್ಳು, ಓಡ್ಹೋಗಿ ಒಂದು ಬಿಸ್ಕೆಟ್ ತಂದು ಕೊಟ್ಳಂತೆ. ಅಷ್ಟರಲ್ಲಿ ಸೀರೆಯೆಲ್ಲಾ ಒದ್ದೆ. ಆಮೇಲೆ ನಾನು ಕೂತು ಒಂದು ಹಾಳೆ ಬರ್ದೆ, ಒಂದಕ್ಕೆ ಅಂದ್ರೆ ಬಾತ್‌ರೂಮು, ಎರಡಕ್ಕೆ ಅಂದ್ರೂ ಬಾತ್‌ರೂಮೇ, ಸೆಖೆ ಅಂದ್ರೆ ಫ್ಯಾನು, ಸಂಕಟ ಅಂದ್ರೆ ಅಳು ಅಲ್ಲ ಹೊಟ್ಟೆ ತೊಳಸ್ತಿದೆ ಅಂತ, "ಮಡಿ" ಅಂದ್ರೆ ಮುಟ್ಬೇಡ ಸ್ವಲ್ಪ ಹೊತ್ತು. ಹಿಂದಿ ಅಕ್ಷರದಲ್ಲಿ ಬರ್ದು ಬೀರುವಿಗೆ ಅಂಟಿಸಿದ್ವಿ. ಯಾವ ಸೆಂಟರಿಗೆ ಸೇರ್ಸಿದ್ರೂ ಇದನ್ನ ಮೊದಲನೇ ದಿನಾನೇ ಮಾಡಿ. ಅಡುಗೆಯೋರು ಯಾರು ಅಂತಾನೂ ನೋಡಿ, ಎಂಬತ್ತು ವರ್ಷ ಮುದ್ದೆ ಸೊಪ್ಪಿನ ಸಾರು ತಿಂದೋರಿಗೆ ದಿನಾ ರೋಟಿ ಆಲೂ ಹಾಕಿದ್ರೆ ಅವ್ರು ತಿನ್ನಲ್ಲ, ಹೋಮಿನೋರು "ಅಜ್ಜಿಗೆ ಹಸಿವಿಲ್ಲ" ಅಂತ ಬುಕ್ಕಲ್ಲಿ ಬರೀತಾರೆ.

ನೋಡೋಕೆ ಹೋದಾಗ

ಫೋನ್ ಮಾಡಿ ಹೋಗೋದು ಒಂದ್ಸಲ ಸಾಕು. ಎರಡನೇ ಸಲ ಹೇಳ್ದೆ, ಬೆಳಗ್ಗೆ ಆರೂವರೆಗೋ ರಾತ್ರಿ ಎಂಟರ ಮೇಲೋ ಹೋಗಿ. ಒಳಗೆ ಬಿಡಲ್ಲ ಅಂದ್ರೆ ಅಲ್ಲಿಂದಾನೇ ವಾಪಸ್ ಬನ್ನಿ. ರಾತ್ರಿ ಎಷ್ಟು ಜನ ಎಚ್ಚರ ಇರ್ತಾರೆ ಅಂತ ಕೇಳಿ, "ಇರ್ತಾರೆ" ಅಲ್ಲ, ಎಚ್ಚರ. ಎದ್ದು ಹೊರಳೋಕಾಗದೋರನ್ನ ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸ್ಬೇಕು, ಇಲ್ಲಾಂದ್ರೆ ಬೆಡ್‌ಸೋರ್, ಅಂದ್ರೆ ಮಲಗಿ ಮಲಗಿ ಚರ್ಮ ಕಿತ್ತು ಹುಣ್ಣು, ಆಗತ್ತೆ, ಏರ್ ಬೆಡ್ ಹಾಕಿದೀವಿ ಅಂದ್ರೂ ಬದಲಾಯಿಸ್ಲೇಬೇಕು. ಈಗಾಗ್ಲೇ ಅಲ್ಲಿರೋ ಅಜ್ಜ ಅಜ್ಜಿಯರ ಉಗುರು ನೋಡಿ, ಹಿಮ್ಮಡಿ ನೋಡಿ, ತುಟಿ ಒಣಗಿದ್ಯಾ ನೋಡಿ, ಅದು ಸುಳ್ಳು ಹೇಳಲ್ಲ. ಕೈ ಕಟ್ತೀರಾ, ನಿದ್ದೆ ಮಾತ್ರೆ ಯಾರು ಬರ್ದು ಕೊಡ್ತಾರೆ ಅಂತ ನೇರವಾಗಿ ಕೇಳಿ, ಮುಜುಗರ ಬೇಡ. ನೀರೆಲ್ಲಿಂದ, ಕಾವೇರಿ ಇದ್ಯಾ ಬೋರ್ ಇದ್ಯಾ, ನಮಗೆ ಈ ಪ್ರಶ್ನೆ ಬೆಲೆ ತೆತ್ತು ಕಲ್ತಿದ್ದು.

ಅಗ್ರಿಮೆಂಟಲ್ಲಿ ನೋಡ್ಬೇಕಾದ್ದು: ಆಸ್ಪತ್ರೇಲಿ ಹತ್ತು ದಿನ ಇದ್ರೆ ಆ ಹತ್ತು ದಿನದ ದುಡ್ಡು ಕಟ್ಬೇಕಾ, ಬಿಡೋದಾದ್ರೆ ಎಷ್ಟು ದಿನ ಮುಂಚೆ ಹೇಳ್ಬೇಕು, ಅಡ್ವಾನ್ಸ್ ಯಾವಾಗ ವಾಪಸ್, ಹಾಸಿಗೆ ಹಿಡಿದ್ರೆ ಇಟ್ಕೊಳ್ತಾರಾ ಕಳಿಸ್ತಾರಾ. ಇನ್ನೊಂದು, ಬಾಯಿಗೆ ಬರಲ್ಲ ಆದ್ರೂ ಕೇಳ್ಬೇಕು, ಅಲ್ಲೇ ಜೀವ ಹೋದ್ರೆ ಯಾವ ಡಾಕ್ಟ್ರು ಬಂದು ಸರ್ಟಿಫಿಕೇಟ್ ಬರ್ದು ಕೊಡ್ತಾರೆ. ಅದಿಲ್ಲದೆ ಚಿತಾಗಾರದಲ್ಲಿ ಒದ್ದಾಡ್ಬೇಕಾಗತ್ತೆ. ಸಾಧ್ಯ ಆದ್ರೆ ಮೊದ್ಲು ಹದಿನೈದು ದಿನ ಮಾತ್ರ ಅಂತ ಇಟ್ಟು ನೋಡಿ, ಬಹಳ ಸಣ್ಣ ಹೋಮಿನೋರು ಒಪ್ತಾರೆ, ಒಪ್ಪಲ್ಲ ಅನ್ನೋರಿಗೆ ಏನೋ ಕಾರಣ ಇರತ್ತೆ.

ಪೆನ್ಶನ್ ಬರೋರಾದ್ರೆ ನವೆಂಬರ್‌ನ ಲೈಫ್ ಸರ್ಟಿಫಿಕೇಟ್ (ಬದುಕಿದಾರೆ ಅನ್ನೋ ಪುರಾವೆ) ಮರೀಬೇಡಿ, 80 ದಾಟಿದ ಕೇಂದ್ರ ಸರ್ಕಾರದ ಪೆನ್ಶನ್‌ನವ್ರು ಅಕ್ಟೋಬರಿಂದಾನೇ ಕೊಡ್ಬೋದು. ನಮ್ಮತ್ತೆಗೆ ಮಾವನೋರ ಪೋಸ್ಟಲ್ ಫ್ಯಾಮಿಲಿ ಪೆನ್ಶನ್, ಬೆರಳು ಸವೆದು ಬಯೋಮೆಟ್ರಿಕ್ ತಗೊಳಲ್ಲ, ಈಗ ಹೋಮಲ್ಲೇ ಫೋನಲ್ಲಿ ಮುಖ ತೋರ್ಸಿ ಜೀವನ್ ಪ್ರಮಾಣ್, ಅಂದ್ರೆ ಅದೇ ಸರ್ಟಿಫಿಕೇಟಿನ ಡಿಜಿಟಲ್ ರೂಪ, ಮಾಡ್ಸ್ತೀವಿ. ಕಣ್ಣು ಮಿಟುಕಿಸಿ ಅಂದ್ರೆ ಮಿಟುಕಿಸಲ್ಲ, ಬೈಯ್ತಾರೆ, ಬೈಯೋವಾಗ ಮಿಟುಕಿಸ್ತಾರೆ.

ದೂರದ ವಿಷ್ಯ. ಹೆಣ್ಣೂರು ಕಡೆ ಆರು ಸಾವಿರ ಕಮ್ಮಿಗೆ ಒಂದು ಸಿಕ್ಕಿತ್ತು, ನೋಡೋಕೂ ಚೆನ್ನಾಗಿತ್ತು, ನಾನೇ ಬೇಡ ಅಂದೆ. ಕತ್ರಿಗುಪ್ಪೆಯಿಂದ ಹೆಣ್ಣೂರಿಗೆ ಸಂಜೆ ಹೊತ್ತು ಯಾರು ಹೋಗ್ತಾರೆ, ಮೊದಲ ತಿಂಗಳು ವಾರ ವಾರ ಹೋಗ್ತೀವಿ, ಆಮೇಲೆ ತಿಂಗಳಿಗೊಂದ್ಸಲ. ಆಗಾಗ ಮನೆಯೋರು ಬಂದು ಹೋಗೋ ಅಜ್ಜಿಯನ್ನ ಹೋಮಿನೋರು ನೋಡೋ ರೀತೀನೇ ಬೇರೆ, ಇದು ಯಾವ ಓನರ್ರೂ ಒಪ್ಪಲ್ಲ, ಎಲ್ಲಾ ಆಯಾಗಳೂ ಒಪ್ತಾರೆ. ಈಗ ನಮ್ಮನೆಯವ್ರು ಬನಶಂಕರೀಲಿ ಗ್ರೀನ್ ಲೈನ್ ಹತ್ತಿ ವಾರಕ್ಕೆ ಎರಡ್ಸಲ ಹೋಗ್ತಾರೆ.

ಮನೆಯೊಳಗಿನ ಜಗಳಾನೂ ಹೇಳ್ಬಿಡ್ತೀನಿ, ಎಲ್ರ ಮನೇಲೂ ಆಗೋದೇ. ಮೈಸೂರಲ್ಲಿರೋ ನನ್ನ ನಾದಿನಿ "ಅಮ್ಮನ್ನ ಆಶ್ರಮಕ್ಕೆ ಹಾಕಿದ್ರೆ ಕೇಸ್ ಹಾಕ್ತೀನಿ, ಕಾನೂನಿದೆ" ಅಂತ ಫೋನಲ್ಲಿ ಕೂಗಾಡಿದ್ಳು. ಕಾನೂನಿದೆ ನಿಜ, 2007ರ ಹಿರಿಯ ನಾಗರಿಕರ ಕಾಯ್ದೆ, ಅಪ್ಪ ಅಮ್ಮನ್ನ ಬಿಟ್ಟು ಕೈ ತೊಳ್ಕೊಂಡ್ರೆ ಮೂರು ತಿಂಗಳವರೆಗೆ ಜೈಲು ಅಥವಾ 5 ಸಾವಿರದವರೆಗೆ ದಂಡ, ಇಲ್ಲಾ ಎರಡೂ. ಬಿಟ್ಟು ಹೋಗೋದು ಬೇರೆ, ನೋಡ್ಕೊಳ್ಳೋರ ಹತ್ರ ಇಟ್ಟು ದುಡ್ಡು ಕಟ್ಟಿ ವಾರವಾರ ಹೋಗೋದು ಬೇರೆ. ಆದ್ರೆ ಅದೇ ಕಾಯ್ದೇಲಿ ಮಕ್ಕಳು ಅಂದ್ರೆ ಹೆಣ್ಣುಮಕ್ಕಳೂ ಸೇರ್ತಾರೆ ಅಂತ ನನ್ನ ಮೈದುನ ತಣ್ಣಗೆ ಹೇಳಿದ್ಮೇಲೆ ಸುಮ್ಮನಾದ್ಳು, ಈಗ ಪ್ರತಿ ತಿಂಗಳು 5ನೇ ತಾರೀಕಿಗೆ ಐದು ಸಾವಿರ ಹಾಕ್ತಾಳೆ. ಹೋಮಲ್ಲಿ ಏನಾದ್ರೂ ಸರಿಯಿಲ್ಲ ಅನ್ಸಿದ್ರೆ ಹಿರಿಯರ ಸಹಾಯವಾಣಿ 1090ಕ್ಕೋ 14567ಕ್ಕೋ ಫೋನ್ ಮಾಡ್ಬೋದು, ನಂಬರ್ ಫ್ರಿಜ್ ಮೇಲೆ ಬರ್ದಿಟ್ಟಿರಿ.

ಒಂದು ಮಾತ್ರ ನಾವು ಸೇರ್ಸೋವಾಗ ಕೇಳ್ಲಿಲ್ಲ, ಮನೆ ಸ್ವಂತದ್ದಾ ಬಾಡಿಗೆದಾ ಅಂತ. ಸಣ್ಣ ಹೋಮ್‌ಗಳು ಬಹಳಷ್ಟು ಬಾಡಿಗೆ ಮನೇಲೇ ನಡೆಯೋದು. ಬರೋ ಮಾರ್ಚ್‌ಗೆ ಆ ಅಕ್ಕನ ಲೀಸ್ ಮುಗಿಯತ್ತೆ, ಮನೆ ಓನರ್ ಅಪಾರ್ಟ್‌ಮೆಂಟ್ ಕಟ್ಸ್ತಾರಂತೆ. ಅಕ್ಕ ತಲಘಟ್ಟಪುರದ ಆಚೆ ಮನೆ ನೋಡ್ತಿದಾರೆ, ಸಿಕ್ಕಿದ್ರೆ ಒಂಬತ್ತು ಜನಾನೂ ಕರ್ಕೊಂಡು ಹೋಗ್ತೀನಿ ಅಂತಿದಾರೆ. ಅವ್ರು ಎಲ್ಲಿಗೆ ಹೋದ್ರೆ ಅಮ್ಮ ಅಲ್ಲಿಗೆ ಅಂತ ನಮ್ಮನೆಯವ್ರು, ಮೆಟ್ರೋ ಇಲ್ಲದ ಕಡೆಗೆ ಹೋದ್ರೆ ವಾರಕ್ಕೆ ಎರಡ್ಸಲ ಹೇಗ್ ಹೋಗ್ತೀರಾ ಅಂತ ನಾನು. ಹಳೇ ಡೈರಿ ಮತ್ತೆ ಹೊರಗೆ ತೆಗ್ದಿದೀನಿ, ಈ ಭಾನುವಾರ ಎರಡು ಕಡೆ ನೋಡೋದಿದೆ, ಬೆಳಗ್ಗೆ ಆರೂವರೆಗೆ.